ನಾಯಿಯ ಮೊಣಕಾಲಿನ ಲಿಗಮೆಂಟ್ ಹರಿದಿದೆ: ಪ್ಲೇಟಾ, ದಾರವಾ, ಸುಮ್ನೆ ಕಾಯೋದಾ?

ಲ್ಯಾಬ್ರಡಾರ್ ನಾಯಿ ಹಿಂದಿನ ಕಾಲು ಎತ್ತಿಕೊಂಡು ಕುಂಟುತ್ತಿದೆ. ಡಾಕ್ಟರು ಮೊಣಕಾಲು ಹಿಡಿದು ಜಗ್ಗಿ ನೋಡಿ, "ಕ್ರೂಶಿಯೇಟ್ ಲಿಗಮೆಂಟ್ ಹೋಗಿದೆ, ಸರ್ಜರಿ ಬೇಕಾಗುತ್ತೆ" ಅಂದಿದ್ದಾರೆ. ಇನ್ನೊಬ್ಬರು ಎರಡು ತಿಂಗಳು ರೆಸ್ಟ್ ಕೊಟ್ಟು ನೋಡಿ ಅಂತಾರೆ. ಮೂರನೆಯವರು ಪ್ಲೇಟ್ ಹಾಕಿಸಿ ಅಂತಾರೆ, ನಾಲ್ಕನೆಯವರು ಅಷ್ಟೆಲ್ಲ ಖರ್ಚು ಯಾಕೆ, ದಾರ ಹಾಕಿದರೆ ಸಾಕು ಅಂತಾರೆ. ಊರಿನಿಂದ ಫೋನ್ ಮಾಡಿದ ದೊಡ್ಡಪ್ಪ ಮಾತ್ರ ನಾಯಿಗೆ ಆಪರೇಷನ್ನಾ ಅಂತ ನಗುತ್ತಾರೆ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಿಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗಿನ ಮೂರನೇ ಮಹಡಿ. ನಮ್ಮ ಲ್ಯಾಬ್‌ಗೆ ಈ ಆಪರೇಷನ್ ಆಗಿದೆ. ಆಮೇಲಿನಿಂದ ಠಾಣೆ, ಮುಲುಂಡ್, ಮಾಟುಂಗಾ, ಪುಣೆ ಕಡೆ ನಮ್ಮವರ ಯಾರ ನಾಯಿ ಕುಂಟಿದರೂ ನನಗೊಂದು ಫೋನ್ ಬರುತ್ತದೆ. ಎಲ್ಲರೂ ಕೇಳುವುದು ಒಂದೇ: ಯಾವ ಆಪರೇಷನ್ ಒಳ್ಳೆಯದು? ನಾನು ಡಾಕ್ಟರಲ್ಲ, ಆದರೆ ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಆಪರೇಷನ್ ಆದಮೇಲೆ ಎರಡು-ಮೂರು ತಿಂಗಳು ಈ ನಾಯಿಯನ್ನು ಓಡದ ಹಾಗೆ, ಹಾರದ ಹಾಗೆ, ಜಾರದ ಹಾಗೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದಾ ಅನ್ನುವುದು ಮೊದಲನೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ಸುಲಭ.

ಒಳಗೆ ಏನಾಗಿದೆ

ಲಿಗಮೆಂಟ್ ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಹುರಿ. ಮನುಷ್ಯರಿಗೆ ಮೊಣಕಾಲಿನ ಈ ಲಿಗಮೆಂಟ್ ಫುಟ್‌ಬಾಲ್ ಆಡುವಾಗಲೋ ಬೈಕ್‌ನಿಂದ ಬಿದ್ದಾಗಲೋ ಪಟ್ ಅಂತ ಹರಿಯುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಹಾಗಲ್ಲ. ಅದು ತಿಂಗಳುಗಟ್ಟಲೆ ಒಳಗೊಳಗೇ ಸವೆದು, ಎಳೆ ಎಳೆಯಾಗಿ ಬಿಟ್ಟು, ಒಂದು ದಿನ ಸೋಫಾದಿಂದ ಇಳಿಯುವಾಗ ಉಳಿದದ್ದೂ ಹೋಗುತ್ತದೆ. ಹಾಗಾಗಿ "ನೀನು ಬಾಲ್ ಎಸೆದಿದ್ದಕ್ಕೇ ಹೀಗಾಯ್ತು" ಅಂತ ಮಗನನ್ನು ಬೈಯುವುದರಲ್ಲಿ ಅರ್ಥವಿಲ್ಲ. ತೂಕ ಜಾಸ್ತಿ ಇರುವ ನಾಯಿ, ಲ್ಯಾಬ್, ರಾಟ್‌ವೀಲರ್, ಗೋಲ್ಡನ್ ಇಂಥ ತಳಿಗಳಿಗೆ ಇದು ಜಾಸ್ತಿ.

ನಾಯಿಯ ಕೆಳಗಾಲಿನ ಮೂಳೆಯ ಮೇಲ್ಭಾಗ ಸಮತಟ್ಟಾಗಿಲ್ಲ, ಹಿಂದಕ್ಕೆ ಇಳಿಜಾರಾಗಿದೆ, ಸಾಮಾನ್ಯವಾಗಿ ಇಪ್ಪತ್ತು ಡಿಗ್ರಿಗಿಂತ ಮೇಲೆ. ತೊಡೆಯ ಮೂಳೆ ಅದರ ಮೇಲೆ ಕೂತಿದೆ. ನಾಯಿ ಕಾಲೂರಿದಾಗಲೆಲ್ಲ ಕೆಳಗಿನ ಮೂಳೆ ಮುಂದಕ್ಕೆ ಜಾರಲು ನೋಡುತ್ತದೆ, ಆ ಲಿಗಮೆಂಟ್ ಹಿಡಿದುಕೊಳ್ಳುತ್ತದೆ. ಮಸ್ಜಿದ್ ಬಂದರ್ ಕಡೆ ಇಳಿಜಾರಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಕೈಗಾಡಿ ಇದ್ದ ಹಾಗೆ ಅಂದುಕೊಳ್ಳಿ. ಹಗ್ಗ ಹರಿದರೆ ಗಾಡಿ ಜಾರುತ್ತದೆ. ಈಗ ದಾರಿ ಮೂರು. ಜಾರಿಕೊಂಡೇ ಇರಲಿ, ಸುತ್ತ ಕಸ ತುಂಬಿ ತಾನೇ ನಿಲ್ಲುತ್ತದೆ ಅಂತ ಬಿಡುವುದು. ಹೊಸ ಹಗ್ಗ ಕಟ್ಟುವುದು. ಅಥವಾ ನೆಲವನ್ನೇ ಮಟ್ಟ ಮಾಡಿಬಿಡುವುದು.

ಆಪರೇಷನ್ ಮಾತು ಎತ್ತುವ ಮೊದಲು ಕುಂಟುವುದಕ್ಕೆ ಕಾರಣ ಇದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ನಮ್ಮ ಕಡೆ ಉಣ್ಣೆಹುಳದ ಜ್ವರ ತುಂಬಾ ಇದೆ, ಎರ್ಲಿಕಿಯಾ ಬಂದರೂ ಕೀಲುನೋವಾಗಿ ನಾಯಿ ಕುಂಟುತ್ತದೆ. ಪೊಮೆರೇನಿಯನ್, ಸ್ಪಿಟ್ಜ್ ತರದ ಪುಟ್ಟ ನಾಯಿಗಳಲ್ಲಿ ಮಂಡಿಚಿಪ್ಪು ಪಕ್ಕಕ್ಕೆ ಜಾರಿದ್ದರೂ ಹಾಗೇ ಆಗುತ್ತದೆ, ಕೆಲವೊಮ್ಮೆ ಎರಡೂ ಒಟ್ಟಿಗೆ ಇರುತ್ತವೆ. ಇನ್ನೊಂದು ವಿಷಯ, ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಕಾಣುವುದು ಕೀಲಿನಲ್ಲಿ ತುಂಬಿದ ನೀರು, ಸಂಧಿವಾತದ ಗುರುತು, ಮೂಳೆಯ ಇಳಿಜಾರು. ಹರಿದಿದೆಯಾ ಅಂತ ಗೊತ್ತಾಗುವುದು ಡಾಕ್ಟರ ಕೈಯಿಂದ: ತೊಡೆಮೂಳೆ ಹಿಡಿದುಕೊಂಡು ಕೆಳಗಿನ ಮೂಳೆ ಮುಂದಕ್ಕೆ ದೂಡಿದರೆ ಡ್ರಾಯರ್ ಎಳೆದಂತೆ ಬರುತ್ತದೆ. ಹೆದರಿದ ಲ್ಯಾಬ್ ಕಾಲು ಬಿಗಿಹಿಡಿದರೆ ಇದೂ ಸಿಗುವುದಿಲ್ಲ, ಆಗ ಮಂಪರು ಕೊಟ್ಟು ನೋಡಬೇಕು. ಮನೆಯಲ್ಲಿ ನೀವು ನೋಡಬಹುದಾದ್ದು ಒಂದಿದೆ. ನಾಯಿ ಕೂರುವಾಗ ಕಾಲು ಮಡಚಿ ಅಡಿಯಲ್ಲಿ ಇಟ್ಟುಕೊಳ್ಳದೆ ಪಕ್ಕಕ್ಕೆ ಚಾಚಿ ಸೋಮಾರಿಯ ಹಾಗೆ ಕೂರುತ್ತಿದ್ದರೆ ಮೊಣಕಾಲಿನ ಮೇಲೆ ಅನುಮಾನ ಪಡಿ.

ಕಾಯುವುದು ಯಾರಿಗೆ ಸರಿ

ಸಣ್ಣ ನಾಯಿಗೆ ಸರಿ ಹೋಗಬಹುದು, ದೊಡ್ಡದಕ್ಕೆ ಸಾಮಾನ್ಯವಾಗಿ ಇಲ್ಲ. 1984ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನವನ್ನು ಡಾಕ್ಟರುಗಳು ಇವತ್ತಿಗೂ ಹೇಳುತ್ತಾರೆ. ಆಪರೇಷನ್ ಇಲ್ಲದೆ ಬಿಟ್ಟಾಗ 15 ಕೆಜಿಗಿಂತ ಕಡಿಮೆ ತೂಕದ 28 ನಾಯಿಗಳಲ್ಲಿ 24 ಚೆನ್ನಾಗಿ ಆದವು. 15 ಕೆಜಿ ದಾಟಿದವುಗಳಲ್ಲಿ ಹಾಗಾದದ್ದು ಐದಕ್ಕೆ ಒಂದು. ಅದಕ್ಕೇ ಪಗ್, ಶಿಟ್ಝು, ಪೊಮೆರೇನಿಯನ್ ಇರುವವರಿಗೆ ಕಾಯಿರಿ ಅಂದರೆ ಒಪ್ಪಬಹುದು. ತುಂಬಾ ವಯಸ್ಸಾದ, ಹೃದಯ ಅಥವಾ ಕಿಡ್ನಿ ತೊಂದರೆ ಇರುವ ನಾಯಿಗೂ ಅನಸ್ತೇಷಿಯಾದ ಅಪಾಯವೇ ದೊಡ್ಡದು ಅನ್ನಿಸಿದರೆ ಅದೇ ದಾರಿ.

ಆದರೆ ಕಾಯುವುದು ಅಂದರೆ ಏನೂ ಮಾಡದೆ ಇರುವುದಲ್ಲ. ವಾರಗಟ್ಟಲೆ ಬೆಲ್ಟ್ ಹಾಕಿಯೇ ಹೊರಗೆ, ಮೆಟ್ಟಿಲು ಬೇಡ, ಡಾಕ್ಟರು ಕೊಟ್ಟ ನೋವಿನ ಔಷಧ, ಮತ್ತು ತೂಕ ಇಳಿಸುವುದು. 30 ಕೆಜಿ ಲ್ಯಾಬ್‌ಗೆ ಇದನ್ನು ಮಾಡುತ್ತಾ ಕೂತರೆ ಒಳಗೆ ಕೀಲು ಉಜ್ಜಿ ಉಜ್ಜಿ ಸಂಧಿವಾತ ಏರುತ್ತದೆ, ಮೂಳೆಗಳ ನಡುವಿನ ಮೆನಿಸ್ಕಸ್ ಅನ್ನುವ ಮೆತ್ತೆಯೂ ಹರಿಯುತ್ತದೆ. ನಡೆಯುವಾಗ ಮೊಣಕಾಲಿನಿಂದ ಟಿಕ್ ಟಿಕ್ ಅಂತ ಸದ್ದು ಕೇಳಿದರೆ ಹೆಚ್ಚಾಗಿ ಅದೇ. ಆಮೇಲೆ ಆಪರೇಷನ್ ಮಾಡಿಸಿದರೂ ಮೊದಲಿನ ಕೀಲು ವಾಪಸ್ ಬರುವುದಿಲ್ಲ.

ಮೊಣಕಾಲು ಪಟ್ಟಿ, ಅಂದರೆ ಬ್ರೇಸ್, ಆನ್‌ಲೈನಿನಲ್ಲಿ ಧಂಡಿಯಾಗಿ ಸಿಗುತ್ತದೆ. ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಕಡಿಮೆ, ನಮ್ಮ ಮುಂಬೈ ಸೆಕೆಯಲ್ಲಿ ಅದರಡಿ ಚರ್ಮ ಬೆವೆತು ಹುಣ್ಣಾಗುವುದು ಮಾತ್ರ ಬೇಗ. ಎಣ್ಣೆ ತಿಕ್ಕಿ ಅನ್ನುವವರಿಗೆ ಹೂಂ ಅಂದು ಸುಮ್ಮನಿರಿ. ಮತ್ತೆ ಮನೆಯಲ್ಲಿರುವ ಕಾಂಬಿಫ್ಲಾಮ್, ಬ್ರೂಫೆನ್, ವೊವೆರಾನ್ ಯಾವುದನ್ನೂ ನಾಯಿಗೆ ಕೊಡಲೇಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಹಾಳಾಗುವುದಕ್ಕೆ ಜಾಸ್ತಿ ಬೇಕಿಲ್ಲ.

ದಾರ ಹಾಕುವುದು

ಇದಕ್ಕೆ ಲ್ಯಾಟರಲ್ ಸೂಚರ್ ಅಂತಾರೆ. ಕೀಲಿನ ಹೊರಗಡೆಯಿಂದ, ತೊಡೆಮೂಳೆಯ ಹಿಂದಿರುವ ಪುಟ್ಟ ಮೂಳೆಯೊಂದಕ್ಕೆ ಸುತ್ತಿ, ಕೆಳಗಿನ ಮೂಳೆಯಲ್ಲಿ ಕೊರೆದ ತೂತಿಗೆ ದಪ್ಪ ನೈಲಾನ್ ದಾರ ಬಿಗಿಯುತ್ತಾರೆ. ಮೀನು ಹಿಡಿಯುವ ದಾರದ ಜಾತಿಯದೇ. ಆ ದಾರ ಜೀವನಪರ್ಯಂತ ಇರಲಿ ಅಂತ ಹಾಕುವುದಲ್ಲ. ತಿಂಗಳುಗಳ ಮೇಲೆ ಅದು ಸಡಿಲವಾಗುತ್ತದೆ, ತುಂಡೂ ಆಗಬಹುದು. ಅಷ್ಟರೊಳಗೆ ಕೀಲಿನ ಸುತ್ತ ಗಟ್ಟಿ ಅಂಗಾಂಶ ಬೆಳೆದು ಅದೇ ಮೊಣಕಾಲನ್ನು ಹಿಡಿದುಕೊಳ್ಳಬೇಕು.

ಇದರಲ್ಲಿ ಮೂಳೆ ಕುಯ್ಯುವುದಿಲ್ಲ. ಖರ್ಚು ಕಡಿಮೆ. ಪ್ಲೇಟಿನದಕ್ಕೆ ಬೇಕಾಗುವಷ್ಟು ವಿಶೇಷ ಸಲಕರಣೆ ಬೇಡ, ಆದ್ದರಿಂದ ಮಾಡುವವರೂ ಜಾಸ್ತಿ ಸಿಗುತ್ತಾರೆ. 15 ಕೆಜಿ ಒಳಗಿನ ನಾಯಿಗೆ ನಾನಾದರೆ ಇದಕ್ಕೆ ಕಣ್ಣು ಮುಚ್ಚಿ ಹೂಂ ಅನ್ನುತ್ತೇನೆ. ದೊಡ್ಡ, ಚುರುಕಾದ, ಮೂಳೆಯ ಇಳಿಜಾರು ಜಾಸ್ತಿ ಇರುವ ನಾಯಿಯಲ್ಲಿ ದಾರ ಬೇಗ ಎಳೆದುಹೋಗುವ ಅಪಾಯವಿದೆ.

ಇಲ್ಲಿ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಸಣ್ಣ ಆಪರೇಷನ್, ಹಾಗಾಗಿ ಸಣ್ಣ ರೆಸ್ಟ್ ಅಂತ. ಉಲ್ಟಾ. ಆ ಗಟ್ಟಿ ಅಂಗಾಂಶ ಬೆಳೆಯುವವರೆಗೆ ಎಲ್ಲ ಭಾರ ದಾರದ ಮೇಲೇ ಇರುತ್ತದೆ. ಒಂದು ಸಲ ಬೆಕ್ಕಿನ ಹಿಂದೆ ಓಡಿದರೆ ಕಥೆ ಮುಗಿಯಿತು. ಇದಕ್ಕೂ ಎರಡು-ಮೂರು ತಿಂಗಳ ಕಟ್ಟುನಿಟ್ಟು ಬೇಕೇ ಬೇಕು.

ಪ್ಲೇಟ್ ಹಾಕುವುದು

ಇದಕ್ಕೆ ಟಿಪಿಎಲ್‌ಒ ಅಂತಾರೆ. ಅಮೆರಿಕದ ಓರೆಗಾನ್‌ನ ಬಾರ್ಕ್ಲೇ ಸ್ಲೋಕಮ್ ಅನ್ನುವ ವೆಟರ್ನರಿ ಸರ್ಜನ್ ಕಂಡುಹಿಡಿದದ್ದು, 1993ರಲ್ಲಿ ಪ್ರಕಟವಾಯಿತು. ಹರಿದ ಲಿಗಮೆಂಟನ್ನು ಇವರು ಸರಿ ಮಾಡಲು ಹೋಗುವುದೇ ಇಲ್ಲ. ಕೆಳಗಾಲಿನ ಮೂಳೆಯ ಮೇಲ್ಭಾಗವನ್ನು ದುಂಡಗಿನ ಗರಗಸದಲ್ಲಿ ಕುಯ್ದು, ಲೆಕ್ಕ ಹಾಕಿ ತಿರುಗಿಸಿ, ಇಳಿಜಾರನ್ನು ಸುಮಾರು 5 ಡಿಗ್ರಿಗೆ ಇಳಿಸಿ, ಪ್ಲೇಟ್ ಮತ್ತು ಸ್ಕ್ರೂ ಹಾಕಿ ಬಿಗಿಯುತ್ತಾರೆ. ನೆಲವೇ ಮಟ್ಟವಾದ ಮೇಲೆ ಹಗ್ಗದ ಕೆಲಸ ಇಲ್ಲವಲ್ಲ.

ಕೇಳಿದರೆ ಮೈ ಜುಂ ಅನ್ನುತ್ತದೆ ನಿಜ. ಆದರೆ ದೊಡ್ಡ ನಾಯಿಗಳು ಬೇಗ ಕಾಲೂರುವುದು, ಮುಂದೆ ಚೆನ್ನಾಗಿ ಓಡಾಡುವುದು ಇದರಲ್ಲೇ ಜಾಸ್ತಿ. ಎಷ್ಟೋ ನಾಯಿಗಳು ಕೆಲವೇ ದಿನಗಳಲ್ಲಿ ಬೆರಳ ತುದಿ ನೆಲಕ್ಕೆ ತಾಗಿಸುತ್ತವೆ. ತೊಂದರೆಗಳೂ ಇವೆ: ಸೋಂಕು, ಸ್ಕ್ರೂ ಸಡಿಲವಾಗುವುದು, ಮೂಳೆಯ ಮುಂಭಾಗ ಬಿರುಕು ಬಿಡುವುದು. ಕೆಲವು ಸಲ ಎಲ್ಲ ಗುಣವಾದ ಮೇಲೆ ಪ್ಲೇಟ್ ತೆಗೆಸಬೇಕಾಗುತ್ತದೆ. ಖರ್ಚು ದಾರದ್ದಕ್ಕಿಂತ ಎಷ್ಟೋ ಜಾಸ್ತಿ.

ಟಿಟಿಎ ಅಂತ ಇನ್ನೊಂದಿದೆ, ಜೂರಿಕ್‌ನಲ್ಲಿ ಶುರುವಾದದ್ದು. ಅದರಲ್ಲಿ ಮೂಳೆಯ ಮುಂಭಾಗ ಕುಯ್ದು ಮುಂದಕ್ಕೆ ತಂದು ಪಂಜರದಂಥ ತುಂಡು ಸೇರಿಸುತ್ತಾರೆ. ನಿಮ್ಮ ಸರ್ಜನ್ ಅದರಲ್ಲೇ ಪಳಗಿದವರಾದರೆ ಬೇಡ ಅನ್ನಬೇಕಿಲ್ಲ. ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ.

ನನ್ನ ತೀರ್ಪು: 20 ಕೆಜಿ ದಾಟಿದ, ಇನ್ನೂ ಓಡುವ ವಯಸ್ಸಿನ ನಾಯಿಗೆ ಪ್ಲೇಟ್. ಆದರೆ ಅದನ್ನು ತಿಂಗಳು ತಿಂಗಳೂ ಮಾಡುವ ಸರ್ಜನ್ ಸಿಕ್ಕರೆ ಮಾತ್ರ. ವರ್ಷಕ್ಕೊಂದು ಟಿಪಿಎಲ್‌ಒ ಮಾಡುವವರ ಕೈಗೆ ಕೊಡುವುದಕ್ಕಿಂತ ದಿನಾ ದಾರ ಹಾಕುವವರ ಕೈಯಲ್ಲಿ ದಾರ ಹಾಕಿಸುವುದು ಮೇಲು. ಹಣ ಹೊಂದುತ್ತಿಲ್ಲವಾ? ದೊಡ್ಡ ನಾಯಿಯಾದರೂ ದಾರ ಹಾಕಿಸಿ, ಏನೂ ಮಾಡದೆ ಇರುವುದಕ್ಕಿಂತ ಅದು ಒಳ್ಳೆಯದು. ಒಂದು ವರ್ಷ ದುಡ್ಡು ಕೂಡಿಟ್ಟು ಆಮೇಲೆ ಪ್ಲೇಟ್ ಹಾಕಿಸೋಣ ಅನ್ನುವ ಯೋಚನೆ ಮಾತ್ರ ಬೇಡ. ಪೆಟ್ ಇನ್ಶೂರೆನ್ಸ್ ಈಗ ತೆಗೆದುಕೊಂಡು ಕ್ಲೇಮ್ ಮಾಡೋಣ ಅಂತಲೂ ಕೆಲವರು ಕೇಳುತ್ತಾರೆ. ಆಗಲೇ ಇರುವ ತೊಂದರೆಗೆ ಹೊಸ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ.

ಎಲ್ಲಿ ಮಾಡಿಸುವುದು

ಮುಂಬೈಯಲ್ಲಿ ಪರೇಲ್‌ನ ಬಾಂಬೆ ವೆಟರ್ನರಿ ಕಾಲೇಜು 1886ರಿಂದ ಇದೆ, ಅಲ್ಲೇ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆಯೂ ಇದೆ, ನಮ್ಮವರು ಎಲ್ಲರೂ ಪರೇಲ್ ಆಸ್ಪತ್ರೆ ಅಂತಲೇ ಅನ್ನುವುದು. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್‌ನ ಐದು ಮಹಡಿಯ ಪ್ರಾಣಿ ಆಸ್ಪತ್ರೆ ತೆರೆಯಿತು. ಅದರ ಹಿಂದೆ ಒಂದು ಕೀಲಿನ ಕಥೆಯೇ ಇದೆ. ರತನ್ ಟಾಟಾ ತಮ್ಮ ನಾಯಿಯ ಕೀಲು ಬದಲಿಸಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದವರೆಗೆ ಹಾರಿಸಿದ್ದರು. ಹೋಗುವಷ್ಟರಲ್ಲಿ ತಡವಾಗಿತ್ತು, ಕೀಲನ್ನು ಒಂದು ಭಂಗಿಯಲ್ಲಿ ಬಿಗಿದು ಕಳಿಸಿದರು ಅಂತ ಅವರೇ ಹೇಳಿಕೊಂಡಿದ್ದರು. ಪುಣೆಯವರಿಗೆ ಸಾತಾರಾ ರಸ್ತೆಯಲ್ಲಿ ಶಿರವಳದ ವೆಟರ್ನರಿ ಕಾಲೇಜಿದೆ, ಊರೊಳಗೆ ಖಾಸಗಿ ಕ್ಲಿನಿಕ್‌ಗಳೂ ಸಾಕಷ್ಟಿವೆ.

ಕಾಲೇಜು, ಟ್ರಸ್ಟ್ ಕಡೆ ಖರ್ಚು ಕಡಿಮೆ ಇರಬಹುದು, ಸಾಲು ಉದ್ದ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಇನ್ನೊಂದು ಪದ್ಧತಿ ಇದೆ: ಆರ್ಥೋ ಸರ್ಜನ್ ಹೊರಗಿನಿಂದ ಬಂದು ಮಾಡಿಕೊಟ್ಟು ಹೋಗುತ್ತಾರೆ. ಅದು ಕೆಟ್ಟದ್ದಲ್ಲ, ಎಷ್ಟೋ ಒಳ್ಳೆಯ ಸರ್ಜನ್‌ಗಳು ಹಾಗೇ ಕೆಲಸ ಮಾಡುವುದು. ಆದರೆ ಐದನೇ ದಿನ ಗಾಯದಿಂದ ನೀರು ಬಂದರೆ ಯಾರು ನೋಡುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇದರ ಜೊತೆ ನಾನು ಎಲ್ಲರಿಗೂ ಕೇಳಲು ಹೇಳುವುದು ಇಷ್ಟು. ಈ ಆಪರೇಷನ್ ತಿಂಗಳಿಗೆ ಎಷ್ಟು ಮಾಡುತ್ತೀರಿ? ಅನಸ್ತೇಷಿಯಾ ನೋಡಿಕೊಳ್ಳಲು ಬೇರೆ ಡಾಕ್ಟರಿದ್ದಾರಾ, ಅಥವಾ ಒಬ್ಬರೇ ಎರಡೂ ಮಾಡುತ್ತಾರಾ? ಮೆನಿಸ್ಕಸ್ ತೆರೆದು ನೋಡುತ್ತೀರಾ? ರಾತ್ರಿ ಅಲ್ಲೇ ಉಳಿಸಿಕೊಂಡರೆ ಯಾರಾದರೂ ಎಚ್ಚರ ಇರುತ್ತಾರಾ, ಶಟರ್ ಎಳೆದು ಮನೆಗೆ ಹೋಗುತ್ತಾರಾ? ಹೇಳಿದ ರೇಟಿನಲ್ಲಿ ಪ್ಲೇಟ್, ರಕ್ತಪರೀಕ್ಷೆ, ಆಪರೇಷನ್ ಆದಮೇಲಿನ ಎಕ್ಸ್‌ರೇ, ಎರಡು ತಿಂಗಳ ನಂತರದ ಎಕ್ಸ್‌ರೇ ಎಲ್ಲ ಸೇರಿದೆಯಾ? ಪರಿಚಯದ ಒಬ್ಬರಿಗೆ ಒಂದು ಕಡೆ ಹೇಳಿದ ರೇಟೇ ಬೇರೆ, ಬಿಲ್ ಬಂದಾಗ ಪ್ಲೇಟಿನ ದುಡ್ಡು ಪ್ರತ್ಯೇಕ. ಕೇಳಿದ್ದಕ್ಕೆ ಸಿಡುಕುವ ಡಾಕ್ಟರಾದರೆ ಮುಂದಿನ ಕ್ಲಿನಿಕ್ ನೋಡಿ.

ಊರಿಗೆ ಕರೆದುಕೊಂಡು ಹೋಗಿ ಮಾಡಿಸೋಣವಾ ಅಂತ ಕೇಳುವವರು ಜಾಸ್ತಿ. ಅಲ್ಲಿ ದೊಡ್ಡ ಮನೆ ಇದೆ, ಅಂಗಳ ಇದೆ, ಅಮ್ಮ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜೂ ಒಳ್ಳೆಯ ಹೆಸರಿನದು. ಆದರೆ ದಾರಿ ಲೆಕ್ಕ ಹಾಕಿ. ರೈಲಿನಲ್ಲಿ ನಾಯಿ ನಿಮ್ಮ ಜೊತೆ ಬರಬೇಕಾದರೆ ಫಸ್ಟ್ ಎಸಿಯಲ್ಲಿ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿ ಬುಕ್ ಮಾಡಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿ ಪೆಟ್ಟಿಗೆ, ಕಾಲು ಕುಯ್ಸಿಕೊಂಡ ನಾಯಿಗೆ ಅದು ಬೇಡವೇ ಬೇಡ. ಕಾರಿನಲ್ಲಿ ಕೊಲ್ಹಾಪುರ, ಬೆಳಗಾವಿ ದಾಟಿ ಹೋಗುವಷ್ಟರಲ್ಲಿ ನಿಮಗೇ ಸೊಂಟ ಹಿಡಿದಿರುತ್ತದೆ. ಇನ್ನು ಆ ಅಂಗಳ. ಕೋಳಿ, ಬೆಕ್ಕು, ಗೇಟಿನಲ್ಲಿ ಬೀದಿನಾಯಿ, ತೆಂಗಿನಕಾಯಿ ಬಿದ್ದ ಸದ್ದು! ಇದೊಂದು ಕಾಯಿಲೆಯಲ್ಲಿ ಮಾತ್ರ ಮುಂಬೈಯ ಒನ್ ಬಿಎಚ್‌ಕೆ ಊರಿನ ತೊಟ್ಟಿಮನೆಗಿಂತ ಮೇಲು. ಓಡಲು ಜಾಗವೇ ಇಲ್ಲವಲ್ಲ.

ಮನೆ ಮೊದಲು, ತಾರೀಖು ಆಮೇಲೆ

ನಮ್ಮ ಫ್ಲಾಟುಗಳ ದೊಡ್ಡ ಶತ್ರು ಹೊಳೆಯುವ ಟೈಲ್ಸ್. ಮೂರು ಕಾಲಿನ ನಾಯಿ ಅದರ ಮೇಲೆ ಜಾರಿದರೆ ಕಾಲು ಅಗಲವಾಗಿ ಬಿಡುತ್ತದೆ, ಒಂದೇ ಸಲದಲ್ಲಿ ಒಳಗಿನ ಕೆಲಸ ಹಾಳು. ನಾಯಿ ಮಲಗುವಲ್ಲಿಂದ ನೀರಿನ ಬಟ್ಟಲಿಗೆ, ಬಟ್ಟಲಿನಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಹಾಕಿ, ಹಳೇ ಯೋಗಾ ಮ್ಯಾಟ್ ಆದರೂ ಆಗುತ್ತದೆ. ಪ್ಲಾಸ್ಟಿಕ್ ಚಾಪೆ, ತೆಳು ಜಮಖಾನೆ ಬೇಡ, ಅವೇ ಜಾರುತ್ತವೆ. ಪಾದದ ಅಡಿ ಬೆಳೆದ ಕೂದಲು ಕತ್ತರಿಸಿ, ಉಗುರು ತೆಗೆಸಿ. ಹಾಲಿನ ಒಂದು ಮೂಲೆಯಲ್ಲಿ ಮಡಚುವ ಬೇಲಿ ನಿಲ್ಲಿಸಿ ಅದರೊಳಗೇ ಊಟ, ನಿದ್ದೆ ಎಲ್ಲ ಆಪರೇಷನ್‌ಗೆ ಮೊದಲೇ ರೂಢಿ ಮಾಡಿಸಿ. ಆದಮೇಲೆ ಒಳಗೆ ಹಾಕಿದರೆ ಶಿಕ್ಷೆ ಕೊಟ್ಟ ಹಾಗೆ ಕೂಗುತ್ತದೆ. ದಿವಾನದ ಮೇಲೆ ಕುರ್ಚಿ ಮಗುಚಿ ಇಡಿ, ಯಾರೂ ಇಲ್ಲದಾಗ ಹತ್ತುವುದು ತಪ್ಪುತ್ತದೆ.

ಆಮೇಲೆ ಡೋರ್‌ಬೆಲ್. ಬೆಳಿಗ್ಗೆ ಹಾಲು, ಪೇಪರ್, ಕಸದವನು, ಆಮೇಲೆ ಇಸ್ತ್ರಿ, ಕೊರಿಯರ್, ರಾತ್ರಿ ಊಟದ ಡೆಲಿವರಿ. ಪ್ರತಿ ಬೆಲ್ಲಿಗೂ ಲ್ಯಾಬ್ ಮಲಗಿದಲ್ಲಿಂದ ಜಿಗಿದು ಬಾಗಿಲಿಗೆ ಹಾರುತ್ತದೆ, ಟೈಲ್ಸ್ ಮೇಲೆ ಹಿಂಗಾಲು ಎರಡೂ ತಿರುಗುತ್ತವೆ. ನಾವು ಬೆಲ್ಲಿನ ವೈರ್ ಕಿತ್ತು, ಬಾಗಿಲ ಮೇಲೆ ಮರಾಠಿಯಲ್ಲೂ ಹಿಂದಿಯಲ್ಲೂ ಬೆಲ್ ಒತ್ತಬೇಡಿ, ಫೋನ್ ಮಾಡಿ ಅಂತ ಚೀಟಿ ಅಂಟಿಸಿದ್ದೆವು. ಕಸದವನು ಹೊರಗಿಟ್ಟ ಬಕೆಟ್ ಸದ್ದಿಲ್ಲದೆ ತೆಗೆದುಕೊಂಡು ಹೋಗುತ್ತಿದ್ದ. ಇಷ್ಟು ಸಣ್ಣ ಕೆಲಸ ಎಷ್ಟು ಉಪಕಾರ ಮಾಡಿತು ಅಂದರೆ, ಪ್ಲೇಟಿಗಿಂತ ಸ್ವಲ್ಪ ಕಡಿಮೆ ಅಷ್ಟೇ.

ಮೆಟ್ಟಿಲು ಇರುವವರು ಕೂತು ಯೋಚಿಸಲೇಬೇಕು. 30 ಕೆಜಿ ನಾಯಿಯನ್ನು ದಿನಕ್ಕೆ ಮೂರು ಸಲ ಮೂರು ಮಹಡಿ ಎತ್ತುವುದು ಯಾರು? ಗಂಡ-ಹೆಂಡತಿ ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಮಧ್ಯಾಹ್ನ ಯಾರು? ಬಾಲ್ಕನಿಯಲ್ಲಿ ಕೃತಕ ಹುಲ್ಲಿನ ಮ್ಯಾಟ್ ಹಾಕಿ ಅಲ್ಲೇ ಉಚ್ಚೆ ಹೊಯ್ಯುವುದನ್ನು ಎರಡು-ಮೂರು ವಾರ ಮೊದಲೇ ಕಲಿಸಿದರೆ ಅರ್ಧ ಕಷ್ಟ ಕಳೆಯಿತು. ಹೊರಗೆ ಹೋಗಿಯೇ ರೂಢಿಯಾದ ನಾಯಿ ಬಾಲ್ಕನಿಯಲ್ಲಿ ಇಡೀ ದಿನ ಕಟ್ಟಿಕೊಂಡು ನಿಲ್ಲುತ್ತದೆ, ಆಪರೇಷನ್ ಆದಮೇಲೆ ಕಲಿಸಲು ಹೋಗಬೇಡಿ. ಕೆಳಮಹಡಿಯಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಎರಡು ತಿಂಗಳು ಅಲ್ಲಿ ಜಾಗ ಕೇಳುವುದಕ್ಕೂ ನಾಚಿಕೆ ಬೇಡ.

ಎಬ್ಬಿಸಲು, ನಡೆಸಲು ಸ್ಲಿಂಗ್ ಅಂತ ದುಡ್ಡು ಹಾಕಬೇಕಿಲ್ಲ. ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯ ಕೆಳಗೆ, ಹಿಂಗಾಲುಗಳ ಸ್ವಲ್ಪ ಮುಂದೆ ಹಾಕಿ ಎರಡು ತುದಿ ಮೇಲಕ್ಕೆ ಹಿಡಿಯಿರಿ. ನಾಯಿಯನ್ನು ಎತ್ತಬೇಡಿ, ಜಾರಿದರೆ ಆಸರೆಯಾಗಲಿ ಅಂತ ಅಷ್ಟೇ. ಗಂಡು ನಾಯಿಗೆ ಬಟ್ಟೆ ಮೂತ್ರದ ಜಾಗಕ್ಕಿಂತ ಮುಂದೆ ಇರುವಂತೆ ನೋಡಿ, ಇಲ್ಲವಾದರೆ ಪಂಚೆ, ನಿಮ್ಮ ಕಾಲು, ಲಿಫ್ಟ್ ಎಲ್ಲ ಒದ್ದೆ.

ತಾರೀಖು ಹಿಡಿಯುವಾಗ ಪಂಚಾಂಗ ನೋಡಿ, ಮುಹೂರ್ತಕ್ಕಲ್ಲ. ಗಣಪತಿಯ ಢೋಲ್-ತಾಶಾ, ದೀಪಾವಳಿಯ ಪಟಾಕಿ ಮೊದಲ ಎಂಟು ವಾರದೊಳಗೆ ಬೀಳದಿದ್ದರೆ ಒಳ್ಳೆಯದು. ಹೆದರಿದ ನಾಯಿ ಮಂಚದಡಿ ನುಗ್ಗುವಾಗ ಕಾಲಿನ ನೆನಪು ಅದಕ್ಕಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆಯೂ ಕಷ್ಟ, ಮೆಟ್ಟಿಲು ಒದ್ದೆ, ಹೊಲಿಗೆ ಒಣಗುವುದಿಲ್ಲ. ಆದರೆ ಹರಿದ ಮೊಣಕಾಲಿನಲ್ಲಿ ಮೂರು-ನಾಲ್ಕು ತಿಂಗಳು ಕಾಯುವುದು ಅದಕ್ಕಿಂತ ಕೆಟ್ಟದ್ದು. ಹಬ್ಬ ಅಡ್ಡ ಬಂದರೆ ಆ ದಿನಗಳಿಗೆ ಭಯ ಕಡಿಮೆ ಮಾಡುವ ಔಷಧ ಡಾಕ್ಟರ ಹತ್ತಿರ ಮೊದಲೇ ಕೇಳಿ.

ಆಪರೇಷನ್‌ಗೆ ಮೊದಲು

ರಕ್ತಪರೀಕ್ಷೆ, ಲಿವರ್, ಕಿಡ್ನಿ. ವಯಸ್ಸಾದ ನಾಯಿಯಾದರೆ ಹೃದಯ. ನಾನು ಒತ್ತಿ ಹೇಳುವುದು ಪ್ಲೇಟ್‌ಲೆಟ್ ಮತ್ತು ಉಣ್ಣೆಹುಳದ ಜ್ವರದ ಪರೀಕ್ಷೆ. ಎರ್ಲಿಕಿಯಾ ಒಳಗೇ ಅಡಗಿದ್ದರೆ ನಾಯಿ ಮೇಲ್ನೋಟಕ್ಕೆ ಚೆನ್ನಾಗೇ ಇರುತ್ತದೆ, ಪ್ಲೇಟ್‌ಲೆಟ್ ಮಾತ್ರ ಇಳಿದಿರುತ್ತದೆ, ಟೇಬಲ್ ಮೇಲೆ ರಕ್ತ ನಿಲ್ಲುವುದಿಲ್ಲ. ಸಿಕ್ಕರೆ ಮೊದಲು ಅದಕ್ಕೆ ಔಷಧ, ಆಮೇಲೆ ಮೊಣಕಾಲು. ಮುಂಚಿನ ರಾತ್ರಿ ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳುತ್ತಾರೆ. ಅಜ್ಜಿ ಪ್ರೀತಿಯಿಂದ ಒಂದು ತುಂಡು ಇಡ್ಲಿ ಕೊಡದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಮನೆಗೆ ಬಂದ ಮೇಲೆ

ಮೊದಲ ರಾತ್ರಿ ನಾಯಿ ಕೊರಗುತ್ತದೆ, ಮಂಪರು ಇಳಿಯುವಾಗ ಹಾಗೇ. ಮೂರು-ನಾಲ್ಕು ದಿನ ದೊಡ್ಡದಕ್ಕೆ ಹೋಗದಿದ್ದರೂ ಗಾಬರಿ ಬೇಡ. ಊತ ಮೊಣಕಾಲಿನಿಂದ ಕೆಳಗಿಳಿದು ಹಿಮ್ಮಡಿ ಗಂಟಿನ ಹತ್ತಿರ ನೀರು ತುಂಬಿದಂತೆ ಕಾಣುವುದೂ ಮಾಮೂಲು. ಮೊದಲ ಕೆಲವು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಕೊಳವೆ ಹೊಲಿಗೆ ಬಿಚ್ಚುವವರೆಗೂ ಬೇಕು, 10ರಿಂದ 14 ದಿನ. ಪಾಪ ಅಂತ ಊಟದ ಹೊತ್ತಿಗೆ ತೆಗೆದು ಮತ್ತೆ ಹಾಕುವುದನ್ನು ಮರೆಯುತ್ತೀರಿ, ಅಷ್ಟರಲ್ಲಿ ಅದು ಹೊಲಿಗೆ ನೆಕ್ಕಿ ಬಿಚ್ಚಿರುತ್ತದೆ.

ಗಾಯದಿಂದ ಕೀವು, ವಾಸನೆ, ಕೆಂಪು ಹರಡುವುದು, ಊಟ ಪೂರ್ತಿ ಬಿಡುವುದು, ವಾಂತಿ, ಕಪ್ಪು ಮಲ, ಕಾಲೂರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮತ್ತೆ ಎತ್ತಿಕೊಳ್ಳುವುದು: ಇವಕ್ಕೆ ನಾಳೆ ನೋಡೋಣ ಅನ್ನಬೇಡಿ. ವಾಂತಿ, ಕಪ್ಪು ಮಲ ಕಂಡರೆ ನೋವಿನ ಗುಳಿಗೆ ಮುಂದಿನ ಡೋಸ್ ಕೊಡುವ ಮೊದಲೇ ಫೋನ್ ಮಾಡಿ.

ನಡಿಗೆಯ ಲೆಕ್ಕ ಸರ್ಜನ್ ಕೊಡುತ್ತಾರೆ, ಅದನ್ನು ಗೋಡೆಗೆ ಅಂಟಿಸಿ. ಸಾಮಾನ್ಯವಾಗಿ ಮೊದಲ ಎರಡು ವಾರ ಬೆಲ್ಟ್ ಹಾಕಿ ಉಚ್ಚೆಗೆ ಮಾತ್ರ, ಆಮೇಲೆ ಐದೈದು ನಿಮಿಷ, ವಾರ ವಾರ ಸ್ವಲ್ಪ ಜಾಸ್ತಿ. ನಿಧಾನ ನಡೆಸಿ, ನಿಮಗೆ ಬೇಸರ ಬರುವಷ್ಟು ನಿಧಾನ. ಬೇಗ ನಡೆದರೆ ನಾಯಿ ಕೆಟ್ಟ ಕಾಲು ಎತ್ತಿಕೊಂಡು ಮೂರರಲ್ಲೇ ಓಡುತ್ತದೆ, ನಿಧಾನ ನಡೆದರೆ ನಾಲ್ಕನ್ನೂ ಊರಲೇಬೇಕು. ನೀರಿನೊಳಗಿನ ಟ್ರೆಡ್‌ಮಿಲ್ ಮುಂಬೈ, ಪುಣೆ ಎರಡೂ ಕಡೆ ಸಿಗುತ್ತದೆ, ಹಣ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೂರು-ಏಳು ವ್ಯಾಯಾಮವನ್ನು ಫಿಸಿಯೋ ಒಮ್ಮೆ ತೋರಿಸಿಕೊಟ್ಟರೆ ಮನೆಯಲ್ಲೇ ಆಗುತ್ತದೆ.

ಅಪಾಯದ ಕಾಲ ಮೂರನೇ-ನಾಲ್ಕನೇ ವಾರ. ನೋವು ಹೋಗಿದೆ, ನಾಯಿ ಬಾಲ ಬಡಿಯುತ್ತಿದೆ, ಮನೆಯವರಿಗೂ ಸಾಕಾಗಿದೆ. "ಪಾಪ, ಒಂದು ರೌಂಡ್ ಬಿಡೋಣ" ಅಂತ ಯಾರೋ ಬೆಲ್ಟ್ ಬಿಚ್ಚುತ್ತಾರೆ. ಒಳಗೆ ಕುಯ್ದ ಮೂಳೆ ಇನ್ನೂ ಕೂಡಿರುವುದಿಲ್ಲ. ಕೂಡಿದೆಯಾ ಅಂತ ಹೇಳುವುದು ಎಂಟು ವಾರದ ಹೊತ್ತಿನ ಎಕ್ಸ್‌ರೇ. ಅಲ್ಲಿಯವರೆಗೆ ಅಕ್ಸಾ ಬೀಚ್ ಇಲ್ಲ, ಸೊಸೈಟಿಯ ಬೇರೆ ನಾಯಿಗಳ ಜೊತೆ ಆಟ ಇಲ್ಲ, ಬಾಲ್ ಅಂತೂ ಕಪಾಟಿನಲ್ಲಿ ಬೀಗ ಹಾಕಿ. ಮೊದಲಿನ ಹಾಗೆ ಬಿಟ್ಟು ಓಡಿಸಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ.

ಓಡಾಟ ನಿಂತಿರುವಾಗ ಊಟವೂ ಇಳಿಯಬೇಕು. ನಮ್ಮ ಮನೆಗಳಲ್ಲಿ ನಾಯಿಗೆ ಡಾಗ್‌ಫುಡ್ ಆದಮೇಲೆ ಮೊಸರನ್ನ, ಅದಾದ ಮೇಲೆ ತುಪ್ಪ ಸವರಿದ ಚಪಾತಿಯ ತುದಿ, ಎಲ್ಲರ ತಟ್ಟೆಯಿಂದ ಒಂದೊಂದು ದೋಸೆ ಚೂರು. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುತ್ತದಾ ನೋಡಿ. ಸಿಗದಿದ್ದರೆ ತೂಕ ಜಾಸ್ತಿ ಇದೆ ಅಂತ. ಈಗ ಕಡಿಮೆ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ: ಒಂದು ಮೊಣಕಾಲು ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಒಂದೆರಡು ವರ್ಷದೊಳಗೆ ಇನ್ನೊಂದೂ ಹೋಗುತ್ತದೆ. ಹಾಗಾಗಿ ಮ್ಯಾಟು, ಬೇಲಿ, ಪಂಚೆ ಯಾವುದನ್ನೂ ಯಾರಿಗೂ ದಾನ ಮಾಡಬೇಡಿ, ಅಟ್ಟದ ಮೇಲೆ ಇಟ್ಟಿರಿ. ದುಡ್ಡಿನ ಲೆಕ್ಕ ಹಾಕುವಾಗಲೂ ಎರಡು ಕಾಲಿಗೇ ಹಾಕಿ.